ಮಾಯಮ್ಮನ ನಾಲ್ಕಿಂಚು

ಮಾಯಮ್ಮನಿಗೆ ಯಾರಾದರೂ "ನಿನ್ ಕೈಲಾಗಕ್ಕಿಲ್ಲ ಬುಡಮ್ಮ" ಅಂದರೋ, ಕೆಟ್ಟರು. ಆ ಕೆಲಸ ಆಗೋತನಕ ಆವಮ್ಮ ಅವರನ್ನೂ ಬಿಡೋಳಲ್ಲ, ಕೆಲಸಾನೂ ಬಿಡೋಳಲ್ಲ. ಹುಟ್ಟಿದ್ದು ದೇವಲಾಪುರದ ಕಡೆ, ಮಳೆ ನಂಬಿ ರಾಗಿ ಬಿತ್ತೋ ಬೆದ್ದಲು ಸೀಮೇಲಿ. ಕೊಟ್ಟಿದ್ದು ಕಾಲುವೆ ನೀರು ಹರಿಯೋ ಅರಕೆರೆಗೆ. ಮದುವೆಯಾದ ವರ್ಷ ಗದ್ದೆಗೆ ಇಳಿದಾಗ ಓರಗಿತ್ತಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು, "ಬೆದ್ಲು ಸೀಮೆ ಹೆಣ್ಣು, ನಾಟಿ ಆಕೋ ಅಂದ್ರೆ ರಾಗಿ ಪೈರು ನೆಟ್ಟಂಗೆ ನೆಡ್ತಾಳೆ" ಅಂತ. ಮುಂದಿನ ವರ್ಷ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬದು ಮುಟ್ಟಿ, ಸೊಂಟಕ್ಕೆ ಕೈ ಕೊಟ್ಟು ನಿಂತು, "ಬರ್ರವ್ವಾ, ಒತ್ತಾಯ್ತು" ಅಂದವಳು ಇವಳೇ.

ಹೋಟೆಲು ತೆಗೆದಾಗಲೂ ಅದೇ ಕತೆ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗೋ ರಸ್ತೆ ಬದೀಲಿ ತಗಡಿನ ಸೂರು ಹಾಕಿ, ಬಿಸಿ ಮುದ್ದೆ, ನಾಟಿ ಕೋಳಿ ಸಾರು ಮಾಡ್ತೀನಿ ಅಂದಾಗ ಮಾವನೋರು ಎರಡು ದಿನ ಮಾತು ಬಿಟ್ಟರು. ಗಂಡ ಬೀರಯ್ಯ ಮಾತ್ರ "ಅವ್ಳು ಮಾಡ್ತೀನಿ ಅಂದ್ಮೇಕೆ ಮಾಡ್ತಾಳೆ, ನಾನು ಎಲೆ ಆಕ್ತೀನಿ" ಅಂದುಬಿಟ್ಟ. ಅದಾಗಿ ಹದಿನೈದು ವರ್ಷ ಆಯಿತು. ಇವತ್ತಿಗೂ ಮಾಯಮ್ಮ ತಿರುವುತ್ತಾಳೆ, ಬೀರಯ್ಯ ಎಲೆ ಹಾಕುತ್ತಾನೆ.

ಇಂಥ ಮಾಯಮ್ಮ ಐವತ್ತು ತುಂಬಿದ ಮೇಲೆ ಪಿಸ್ತೂಲು ಹಿಡಿದಳು ಅಂದರೆ ಕೇಳಿದೋರು ಮೊದಲು ನಗುತ್ತಾರೆ. ನಗಲಿ ಬಿಡಿ. ನಡೆದಿದ್ದು ಇಷ್ಟು. ಹೋಟೆಲಿಂದ ಅರ್ಧ ಮೈಲಿ ಒಳಕ್ಕೆ ಒಂದು ಪಾಳು ಬಿದ್ದ ಕಲ್ಲುಕ್ವಾರಿ ಇದೆ. ಮೂರು ಕಡೆ ಬಂಡೆ ಗೋಡೆ. ಅಲ್ಲಿ ಲೈಸೆನ್ಸು ತಗೊಂಡು ಶೂಟಿಂಗ್ ಕ್ಲಬ್ಬು ಮಾಡಿಕೊಂಡಿದ್ದಾರೆ. ಭಾನುವಾರ ಭಾನುವಾರ ಸುತ್ತಮುತ್ತಲ ಜಮೀನ್ದಾರರು, ರಿಟೈರಾದೋರು, ಒಂದಿಬ್ಬರು ಮೇಷ್ಟ್ರು ಸೇರಿ ಕಾಗದದ ಗುರಿಗೆ ಗುಂಡು ಹೊಡೆಯುತ್ತಾರೆ. ಮಧ್ಯಾಹ್ನದ ಊಟ ಮಾಯಮ್ಮನ ಹೋಟೆಲಿಂದ. ಮೂರು ವರ್ಷದ ಹಿಂದೆ ಒಂದು ಭಾನುವಾರ ಕ್ಯಾರಿಯರ್ ಹೊತ್ತುಕೊಂಡು ಹೋದವಳು ಸುಮ್ಮನೆ ನೋಡುತ್ತಾ ನಿಂತಿದ್ದಳು. ಕ್ಲಬ್ಬಿನ ಸೆಕ್ರೆಟರಿ ನಾಗರಾಜು, ಅರವತ್ತರ ಹತ್ತಿರದ ಮನುಷ್ಯ, ತೋಟ ತುಡಿಕೆ ಜೋರಾಗಿರೋನು, ತಮಾಷೆಗೆ ಕೇಳಿದ.

"ಏನ್ ಮಾಯಮ್ಮ, ಅಂಗ್ ನೋಡ್ತೀಯ? ಮುದ್ದೆ ಕಟ್ಟೋ ಕೈಲಿ ಇದನ್ನ ಇಡಿಯಕ್ಕಾದದಾ?"

"ಕೊಡಿ ಇಲ್ಲಿ," ಅಂದಳು ಮಾಯಮ್ಮ.

ಕೊಟ್ಟರು. ಅದು ಸಣ್ಣ ಗುಂಡಿನ ಪಿಸ್ತೂಲು, ಪಾಯಿಂಟ್ ಟೂಟೂ ಅನ್ನುತ್ತಾರೆ. ಹೊಡೆದರೆ ಕೈಗೆ ಏನೂ ಗೊತ್ತಾಗಲ್ಲ. ಕ್ಲಬ್ಬಿನ ಬಂದೂಕು ನೋಡಿಕೊಳ್ಳೋ ಶಂಕರ್ ಪಕ್ಕದಲ್ಲಿ ನಿಂತು ಹೇಗೆ ಹಿಡಿಯೋದು, ಎಲ್ಲಿ ನೋಡೋದು ಹೇಳಿಕೊಟ್ಟ. ಇವನು ಕೆ.ಆರ್. ಪೇಟೆ ಕಡೆ ಶೀಳನೆರೆಯೋನು, ಹದಿನೇಳು ವರ್ಷ ಮಿಲಿಟರೀಲಿ ಇದ್ದು ಬಂದೋನು, ಮಾತು ಕಮ್ಮಿ. ಮಾಯಮ್ಮ ಐದು ಗುಂಡು ಹೊಡೆದಳು. ನಾಲ್ಕು ಕಪ್ಪು ವೃತ್ತದ ಒಳಗೆ ಬಿದ್ದವು. ಶಂಕರ್ ಕಾಗದ ನೋಡಿದ, ಆವಮ್ಮನ ಮಣಿಕಟ್ಟು ನೋಡಿದ, "ಅಕ್ಕ, ಮುಂದಿನ ವಾರ ಊಟ ಒಂದ್ ಗಂಟೆ ಬೇಗ ತಗಂಡ್ ಬನ್ನಿ" ಅಂದ.

ಹಾಗೆ ಶುರುವಾಯಿತು. ಮೆಂಬರ್ ಆದಳು, ಮೂರು ವರ್ಷ ಬಿಡದೆ ಹೊಡೆದಳು. ಆದರೂ ಕ್ಲಬ್ಬಿನ ಬಾಯಲ್ಲಿ ಅವಳು ಇನ್ನೂ 'ಊಟದ ಮಾಯಮ್ಮ'ನೇ. ಹಾಜರಿ ಪುಸ್ತಕದಲ್ಲೂ ನಾಗರಾಜು ಹಾಗೇ ಬರೆಯುತ್ತಿದ್ದ. ಮಾಯಮ್ಮನಿಗೆ ಅದು ಉರಿಯುತ್ತಿತ್ತು. ಊಟ ಹಾಕೋದಕ್ಕೆ ಅವಳಿಗೇನೂ ನಾಚಿಕೆಯಿಲ್ಲ. ಆದರೆ ಗುರಿ ಮುಂದೆ ನಿಂತಾಗಲೂ ಊಟದೋಳು ಅಂದರೆ ಹೇಗೆ?

ಈ ಸಲ ನಾಲ್ಕು ತಾಲ್ಲೂಕಿನ ಕ್ಲಬ್ಬುಗಳ ಪಂದ್ಯ ಗೊತ್ತಾಯಿತು. ಇವರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಒಂದೊಂದು ಕ್ಲಬ್ಬಿಂದ ನಾಲ್ಕು ಜನ. ಆದರೆ ಸಣ್ಣ ಗುಂಡಲ್ಲ, ಪಾಯಿಂಟ್ ಮೂವತ್ತೆರಡರ ದೊಡ್ಡ ಗುಂಡು ಹಾಕೋ ರಿವಾಲ್ವರು. ಒಂದೇ ಕೈಲಿ ಹಿಡಿದು ಇಪ್ಪತ್ತು ಗುಂಡು. ಎರಡು ತಿಂಗಳು ಬಿಟ್ಟು ಆಯ್ಕೆ, ಮೊದಲ ನಾಲ್ಕು ಜನಕ್ಕೆ ಜಾಗ. ಮಾಯಮ್ಮ ಅವತ್ತೇ ಬೀರಯ್ಯನಿಗೆ ಹೇಳಿದಳು: "ನೋಡಿ, ಆ ನಾಕು ಎಸ್ರಲ್ಲಿ ನನ್ ಎಸ್ರು ಇರ್ಬೇಕು. ಊಟದೋಳು ಅಂತ ಅಲ್ಲ, ಒಡಿಯೋಳು ಅಂತ."

"ಇರ್ತದೆ ಬುಡು," ಅಂದ ಬೀರಯ್ಯ, ಈರುಳ್ಳಿ ಹೆಚ್ಚುತ್ತಾ.

ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿ ಮೂವತ್ತೆರಡರವು ಮೂರು ಇದ್ದವು. ಒಂದು ಆರಿಂಚಿನದು. ಇಂಚು ಅಂದರೆ ಬ್ಯಾರೆಲ್ಲಿನ ಲೆಕ್ಕ, ಗುಂಡು ಹಾದು ಹೋಗೋ ಕೊಳವೆ ಎಷ್ಟು ಉದ್ದ ಅಂತ. ಅದು ನಾಗರಾಜುವಿನ ಪ್ರೀತಿಯದು, ಹೊಳೆಹೊಳೆಯೋ ಅಂಥದ್ದು, ಕೈಲಿ ಹಿಡಿದರೆ ಫೋಟೋ ತೆಗೆಸಿಕೊಳ್ಳಬೇಕು ಅನ್ನಿಸೋದು. ಇನ್ನೊಂದು ನಾಲ್ಕಿಂಚಿನದು, ದಪ್ಪ ಕೊಳವೆ, ಬಣ್ಣ ಹೋಗಿ ಬೂದಿ ಬೂದಿ, ನೋಡೋಕೆ ಚೆನ್ನಾಗಿಲ್ಲ ಅಂತ ಯಾರೂ ಮುಟ್ಟುತ್ತಿರಲಿಲ್ಲ. ಮೂರನೆಯದು ಎರಡೂವರೆ ಇಂಚಿನ ಪುಟಾಣಿ, ಹಗುರ, ಹಿಡಿ ತೆಳ್ಳಗೆ. ಅದಕ್ಕೆ ಕ್ಲಬ್ಬಿನೋರು ಇಟ್ಟ ಹೆಸರು 'ಲೇಡೀಸ್ ಗನ್ನು'. ಬಸ್ಸಲ್ಲಿ ಲೇಡೀಸ್ ಸೀಟು ಇದ್ದ ಹಾಗೆ.

"ನೀನು ಇದನ್ನ ತಗೊ ಮಾಯಮ್ಮ," ಅಂದ ನಾಗರಾಜು. "ಕರ ಒದ್ರೆ ಎಷ್ಟು, ಎತ್ತು ಒದ್ರೆ ಎಷ್ಟು, ನಿಂಗೇ ಗೊತ್ತಲ್ಲ. ದೊಡ್ಡದು ಜೋರಾಗಿ ಒದೀತದೆ. ಚಿಕ್ಕುದು ಪಾಪದ್ದು."

ನ್ಯಾಯವಾಗಿ ಹೇಳಬೇಕು ಅಂದರೆ, ಆವತ್ತು ಮಾಯಮ್ಮನೂ ಹೌದಲ್ವಾ ಅಂದುಕೊಂಡಳು. ಕೊಟ್ಟಿಗೇಲಿ ಬೆಳೆದೋರು ನಮ್ಮೋರು. ಕರುವಿನ ಒದೆ ಕಚಗುಳಿ, ಎತ್ತಿನ ಒದೆ ಮೂಳೆ ಮುರಿತ. ಇದನ್ನ ಯಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಶಂಕರ್ ಏನೋ ಹೇಳೋಕೆ ಬಾಯಿ ತೆರೆದ. ನಾಗರಾಜು ತಿರುಗಿ ನೋಡಿದ. ಶಂಕರ್ ಬಾಯಿ ಮುಚ್ಚಿದ.

ಮೊದಲ ಗುಂಡಿಗೇ ಮಾಯಮ್ಮನ ಕೈ ಹಣೆ ತನಕ ಎಗರಿತು. ಅಯ್ಯಯ್ಯೋ, ಅದೇನು ಒದೆ! ಕಿವಿಗೆ ಮುಚ್ಚಳ ಇದ್ದರೂ ತಲೆಯೊಳಗೆ ಗಂಟೆ ಬಡಿದಂತಾಯಿತು. ಎರಡನೆಯದು, ಮೂರನೆಯದು. ಹತ್ತು ಹೊಡೆಯೋ ಹೊತ್ತಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕಿತ್ತು ರಕ್ತ ಬಂತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಹನ್ನೊಂದನೆಯ ಗುಂಡಿಗೆ ಬೆರಳು ಟ್ರಿಗರ್ ಎಳೆಯೋ ಮುಂಚೆಯೇ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರು ವರ್ಷದಲ್ಲಿ ಒಂದು ಸಲವೂ ಹೆದರದ ಕಣ್ಣು. ಕಾಗದದ ಮೇಲೆ ತೂತುಗಳು ಕೋಳಿಗೆ ಕಾಳು ಎರಚಿದ ಹಾಗೆ ಎಲ್ಲೆಲ್ಲೋ. ಇಪ್ಪತ್ತರಲ್ಲಿ ಆರು ಕಾಗದಕ್ಕೇ ಬಿದ್ದಿರಲಿಲ್ಲ.

"ಇದು ಸರಿ ಇಲ್ಲ, ನಾಗರಾಜಣ್ಣ. ಇದು ಬಾರಿ ಒದೀತದೆ," ಅಂದಳು.

ನಾಗರಾಜು ನಕ್ಕುಬಿಟ್ಟ. "ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ. ಸಣ್ಣ ಗುಂಡಲ್ಲೇ ಇರು ಮಾಯಮ್ಮ, ನಿಂಗೂ ವಯಸ್ಸಾಯ್ತು." ನಿಂತಿದ್ದ ನಾಲ್ಕೈದು ಜನವೂ ನಕ್ಕರು. ಮಾಯಮ್ಮ ಸೆರಗಿನ ತುದಿ ಹರಿದು ಕೈಗೆ ಸುತ್ತಿಕೊಂಡು, ಖಾಲಿ ಕ್ಯಾರಿಯರ್ ಎತ್ತಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳಿಗೆ ಅಳು ಬಂದಿತ್ತು. ಅತ್ತಳೋ ಇಲ್ಲವೋ ಅದು ಅವಳಿಗೂ ಆ ದಾರಿಗೂ ಬಿಟ್ಟದ್ದು.

ಮಾರನೇ ದಿನ ಬೆರಳು ಮಡಿಸೋಕಾಗದೆ ಮುದ್ದೆ ತಿರುವೋಕೆ ಬೀರಯ್ಯನೇ ನಿಂತ. ಪಾಪ, ಎಲೆ ಹಾಕೋ ಮನುಷ್ಯ. ದೊಡ್ಡ ದಪ್ಪ ತಳದ ತಪ್ಪಲೆ ಎತ್ತೋಕೆ ಭಾರ ಅಂತ ಹೊಸಾ ತೆಳ್ಳನೆ ಅಲ್ಯೂಮಿನಿಯಂ ತಪ್ಪಲೇಲಿ ಎಸರಿಟ್ಟಿದ್ದ. ಹಿಟ್ಟು ಹಾಕಿ, ಕೋಲು ಹಾಕಿ ತಿರುವಿದರೆ ಕೋಲಿನ ಜೊತೆ ತಪ್ಪಲೆಯೂ ತಿರುಗುತ್ತೆ! ಅವನು ಆ ಕಡೆ ಎಳೆದರೆ ಅದೂ ಆ ಕಡೆ, ಈ ಕಡೆ ತಳ್ಳಿದರೆ ಅದೂ ಈ ಕಡೆ. ಕೋಲು ಮಣಿಕಟ್ಟಿಗೆ ಬಡಿದು ಬಡಿದು ಬೀರಯ್ಯ "ಅವ್ವಯ್ಯೋ" ಅನ್ನುತ್ತಿದ್ದ. ಮುದ್ದೆ ತುಂಬಾ ಗಂಟು.

ಮಾಯಮ್ಮ ಒಳಗಿಂದ ಕೂಗಿದಳು. "ಅಯ್ಯೋ ನಿಮ್ಮ, ಆ ತೆಳ್ಳನೆ ತಪ್ಲೇಲಿ ಯಾಕ್ ತಿರುವ್ತೀರಿ? ಅದು ಅಗುರ ಕಣ್ರಿ, ಕೈಗೇ ಒದೀತದೆ! ತೂಕದ್ದಾದ್ರೆ ಕೂತ್ ಜಾಗ್ದಲ್ಲಿ ಕೂತಿರ್ತದೆ, ಒಡ್ತ ಎಲ್ಲಾ ಅದೇ ತಡ್ಕತದೆ!"

ಅಂದವಳು ಹಾಗೇ ನಿಂತಳು. ತಾನು ಈಗ ಏನಂದೆ? ಅಗುರದ್ದು ಕೈಗೇ ಒದೀತದೆ. ತೂಕದ್ದು ತಡ್ಕತದೆ. ಹದಿನೈದು ವರ್ಷದಿಂದ ದಿನಾ ಇನ್ನೂರು ಮುದ್ದೆ ತಿರುವಿದ ಕೈಗೆ ಇದು ಗೊತ್ತಿತ್ತಲ್ಲ! ಕರುವೂ ಅಲ್ಲ, ಎತ್ತೂ ಅಲ್ಲ. ಎತ್ತು ಒದೆಯೋದು ತನ್ನ ಬಲದಿಂದ. ರಿವಾಲ್ವರಿಗೆ ಸ್ವಂತ ಬಲ ಎಲ್ಲಿದೆ? ಬಲ ಗುಂಡಿಂದು, ಗುಂಡು ಮೂರಕ್ಕೂ ಒಂದೇ. ತಪ್ಪಲೆ ತೆಳ್ಳಗಿದ್ದರೆ ಹೊಡೆತ ಎಲ್ಲಾ ಕೈಗೇ.

"ಥೂ ನನ್ ಬುದ್ಧಿಗಿಷ್ಟು," ಅಂದುಕೊಂಡಳು ಜೋರಾಗಿ. ಬೀರಯ್ಯ ತನಗೇ ಬೈದಳು ಅಂದುಕೊಂಡು ತಪ್ಪಲೆ ಬದಲಾಯಿಸಿದ.

ಮುಂದಿನ ಭಾನುವಾರ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ನಾಗರಾಜುವಿನ ಮುಂದೆ ನಿಂತಳು. "ನಂಗೆ ಬ್ಯಾರೇವು ಎರಡೂ ಒಡ್ದು ನೋಡ್ಬೇಕು."

"ಲೇಡೀಸ್ಗೆ ಅದೇ. ಅದು ರೂಲು."

"ಎಲ್ ಬರ್ದದೆ? ಪುಸ್ತಕ ತಗೀರಿ."

"ನಾನ್ ಏಳಿದ್ಮೇಲೆ ರೂಲೇ."

"ಅಂಗಾದ್ರೆ ನಾನೂ ಏಳ್ತೀನಿ, ಇದು ರೂಲಲ್ಲ. ಎರಡೂ ಬಾಯ್ಮಾತೇ ಅಲ್ವಾ? ಬರ್ದಿರೋದ್ ತೋರ್ಸಿ, ನಾನು ತಲೆ ಬಗ್ಗಿಸ್ಕೊಂಡ್ ಓಯ್ತೀನಿ."

ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ನಾಗರಾಜು ಮೂಗು ಮುರಿದು, "ಏನಾರ ಮಾಡ್ಕೊ, ಕೈ ಮುರ್ಕಂಡ್ರೆ ನನ್ ಕೇಳ್ಬ್ಯಾಡ" ಅಂದು ಹೋದ.

ಅವತ್ತು ಸಂಜೆ ಈ ಮಾತು ಕೇಳಿ ಬೀರಯ್ಯನಿಗೆ ರೇಗಿತು. "ಬರೋ ಬಾನ್ವಾರ ಕ್ಲಬ್ಗೆ ಊಟ ಕಳ್ಸ್‌ಬ್ಯಾಡ. ಅಸ್ಕೊಂಡ್ ಕೂತ್ರೆ ರೂಲು ಗೀಲು ಎಲ್ಲಾ ಮರ್ತೋಯ್ತದೆ."

ಮಾಯಮ್ಮ ಗಂಡನ ಮೇಲೆ ಅಷ್ಟು ಸಿಟ್ಟಾದದ್ದು ಕಮ್ಮಿ. "ಅನ್ನದ ವಿಚಾರ್ದಲ್ಲಿ ಅಂಥ ಮಾತಾಡ್ಬ್ಯಾಡಿ. ಅಸ್ದು ಬಂದೋರ್ಗೆ ಎಲೆ ಆಕೋದು ನನ್ ದರ್ಮ. ಗುರಿ ಜಗ್ಳ ಗುರೀಲೇ ತೀರ್ಬೇಕು. ಮುದ್ದೆ ನಿಲ್ಸಿ ಜಾಗ ತಗಂಡೆ ಅಂದ್ರೆ, ಸಾಯೋಗಂಟ ನಾನು ಊಟದ ಮಾಯಮ್ಮನೇ ಅಲ್ವಾ?" ಬೀರಯ್ಯ ತಲೆ ಕೆರೆದುಕೊಂಡ. ಅವನಿಗೆ ಅದು ಹೊಳೆದಿರಲಿಲ್ಲ.

ಗಾಯ ಮಾಗಿದ ಮೇಲೆ ಮೊದಲು ಆರಿಂಚಿನದು ಹಿಡಿದಳು. ತೂಕ ಚೆನ್ನಾಗಿತ್ತು. ಹೊಡೆದರೆ ಒದೆ ಬಂತು, ಆದರೆ ಬಾಗಿಲು ತಟ್ಟಿದ ಹಾಗೆ, ಅಷ್ಟೇ. ಕಣ್ಣು ಮುಚ್ಚಲಿಲ್ಲ. ಗುರಿ ಹಿಡಿಯೋಕೆ ಇರೋ ಹಿಂದಿನ ಕಂಡಿಗೂ ಮುಂದಿನ ಮೊನೆಗೂ ಅಂತರ ಹೆಚ್ಚಿರೋದರಿಂದ ಕೈ ಚೂರು ಅಲುಗಿದರೂ ಕಣ್ಣಿಗೆ ಕಾಣುತ್ತಿತ್ತು. ಮೊದಲ ಹತ್ತು ಗುಂಡು ಅಂಗೈಯಗಲದೊಳಗೆ ಬಿದ್ದವು. ಮಾಯಮ್ಮನಿಗೆ ಕುಣಿಯೋ ಹಾಗಾಯಿತು. ಆಮೇಲೆ ಹದಿಮೂರು, ಹದಿನಾಲ್ಕು ಬರೋ ಹೊತ್ತಿಗೆ ಮಣಿಕಟ್ಟು ಸೋತಿತು. ತೂಕವೆಲ್ಲ ಮುಂದೆ ಮೂತೀಲಿ. ಒಂದೇ ಕೈಲಿ ಚಾಚಿ ಹಿಡಿದರೆ ಮೂತಿ ನೆಲ ನೋಡುತ್ತದೆ. ಕೊನೇ ಐದೂ ಕೆಳಗೆ, ಒಂದಕ್ಕಿಂತ ಒಂದು ಕೆಳಗೆ.

"ನಾಗರಾಜಣ್ಣಂದೂ ಇಂಗೇ ಬೀಳೋದು ಕಡೇಲಿ," ಅಂದ ಶಂಕರ್ ಮೆಲ್ಲಗೆ. "ಏಳಕ್ಕಾದದಾ ನಾನು?"

"ಅವತ್ತೇ ಯಾಕ್ ಏಳ್ಲಿಲ್ಲಪ್ಪ ನೀನು, ನನ್ ಕೈ ಕಿತ್ತೋಗೋ ಮುಂಚೆ?"

ಶಂಕರ್ ತಲೆ ತಗ್ಗಿಸಿದ. "ತಪ್ಪಾಯ್ತಕ್ಕ. ಏಳ್ಬೇಕಾಗಿತ್ತು." ಹೋಗಿ ಬೀರುವಿನಿಂದ ಆ ಬೂದಿ ಬಣ್ಣದ ನಾಲ್ಕಿಂಚಿನದನ್ನು ತಂದು ಮೇಜಿನ ಮೇಲಿಟ್ಟ.

ಮಾಯಮ್ಮ ಕೈಗೆ ತಗೊಂಡು, ಖಾಲಿಯಿದೆ ಅಂತ ಖಾತ್ರಿ ಮಾಡಿಕೊಂಡು, ಚಾಚಿ ಹಿಡಿದು ಸುಮ್ಮನೆ ನಿಂತಳು. ನೂರು ಎಣಿಸಿದಳು. ಮೂತಿ ಬೀಳಲಿಲ್ಲ. ಕೊಳವೆ ಗಿಡ್ಡ, ಆದರೆ ದಪ್ಪ, ತೂಕ ಎಲ್ಲ ಮುಷ್ಟಿಗೆ ಹತ್ತಿರದಲ್ಲೇ ಕೂತಿತ್ತು. ಹಿಡಿ ಅಂಗೈ ತುಂಬುತ್ತಿತ್ತು. ಹೊಡೆದಳು. ಒದೆ ಆರಿಂಚಿಗಿಂತ ಒಂದು ಚೂರು ಜಾಸ್ತಿ, ಆ ಪುಟಾಣಿಗೆ ಹೋಲಿಸಿದರೆ ಏನೂ ಅಲ್ಲ. ಮೊದಲ ಹತ್ತು ಆರಿಂಚಿನಷ್ಟು ಒತ್ತಾಗಿ ಬೀಳಲಿಲ್ಲ, ನಿಜ. ಆದರೆ ಕೊನೇ ಹತ್ತೂ ಮೊದಲ ಹತ್ತಿನ ಹಾಗೇ ಬಿದ್ದವು.

ಮೂರೂ ಕಾಗದ ತಂದು ಹೋಟೆಲಿನ ಗೋಡೆಗೆ ಅಂಟಿನ ಬದಲು ಮುದ್ದೆ ಹಚ್ಚಿಯೇ ಅಂಟಿಸಿದಳು. ಬಂದವರೆಲ್ಲ ಉಣ್ಣುತ್ತಾ ನೋಡಿದರು. ಬೀರಯ್ಯ ಬಲು ಹೊತ್ತು ನೋಡಿ, ನಡುವಿನ ಆರಿಂಚಿನ ಕಾಗದ ತೋರಿಸಿ, "ಇದ್ರಲ್ಲಿ ಒತ್ತಾಗ್ ಬಿದ್ದಾವಲ್ಲ, ಇದೇ ಒಳ್ಳೇದಲ್ವಾ?" ಅಂದ.

"ಪಂದ್ಯ ಅತ್ತು ಗುಂಡಿಗೆ ಮುಗಿಯಂಗಿದ್ರೆ ಅದೇ. ಇಪ್ಪತ್ತು ಒಡೀಬೇಕಲ್ಲ. ಚೆಂದುಳ್ಳಿ ಬೇಡ ನಂಗೆ, ಕಡೇಗಂಟ ಬರೋದ್ ಬೇಕು," ಅಂದಳು ಮಾಯಮ್ಮ. ಆಮೇಲೆ ಒಂದೊಂದು ದಿನವೂ ಬೆಳಿಗ್ಗೆ ಹೋಟೆಲು ತೆಗೆಯೋ ಮುಂಚೆ ನೀರು ತುಂಬಿದ ಚೊಂಬು ಚಾಚಿ ಹಿಡಿದು ನಿಲ್ಲೋಳು. ರಸ್ತೇಲಿ ಹೋಗೋರು ಯಾವುದೋ ಹರಕೆ ಅಂದುಕೊಂಡರು.

ಆಯ್ಕೆಯ ಭಾನುವಾರ ಕ್ವಾರಿ ತುಂಬಾ ಜನ. ಹನ್ನೊಂದು ಜನ ಹೊಡೆಯೋರು. ಮಾಯಮ್ಮ ಬಂದು ನೋಡಿದರೆ ಅವಳ ಮೇಜಿನ ಮೇಲೆ ನಾಗರಾಜು ಇಡಿಸಿದ್ದ ಆ ಪುಟಾಣಿ ಕೂತಿದೆ. ಬೀರುವಿನ ಬೀಗದ ಕೈ ಶಂಕರನ ಸೊಂಟದಲ್ಲಿ. ನಾಗರಾಜು ಕುರ್ಚೀಲಿ.

"ಇದನ್ನ ನಾನು ಮುಟ್ಟಲ್ಲ," ಅಂದಳು ಮಾಯಮ್ಮ.

"ಮುಟ್ಟಲ್ಲ ಅಂದ್ರೆ ಊಟ ಬಡಿಸ್ಕೊಂಡ್ ಮನೆಗೋಗು."

ಯಾರೂ ನಗಲಿಲ್ಲ. ಶಂಕರ್ ಎದ್ದ. ನೇರ ಬೀರುವಿಗೆ ಹೋಗಿ, ಬೀಗ ತೆಗೆದು, ನಾಲ್ಕಿಂಚಿನದನ್ನು ತಂದು ಮಾಯಮ್ಮನ ಮುಂದಿಟ್ಟು, ಪುಟಾಣಿಯನ್ನು ಎತ್ತಿಕೊಂಡು ವಾಪಸು ಹೋದ. ನಾಗರಾಜುವಿನ ಮುಖ ಕೆಂಪಾಯಿತು. ಅಷ್ಟು ಜನದ ಮುಂದೆ ಇಲ್ಲ ಅನ್ನೋಕೂ ಆಗಲಿಲ್ಲ.

"ಆಯ್ತು, ಒಡಿ. ಆದ್ರೆ ಒಂದ್ ಮಾತು. ಇವತ್ತು ನಾಕ್ರಲ್ಲಿ ಬರ್ಲಿಲ್ಲ ಅಂದ್ರೆ, ಇನ್ಮೇಲೆ ಈ ಕ್ವಾರಿಗೆ ಕ್ಯಾರಿಯರ್ ಇಡ್ಕೊಂಡ್ ಮಾತ್ರ ಬರ್ಬೇಕು."

ಮಾಯಮ್ಮನ ಮೂರು ವರ್ಷದ ಭಾನುವಾರಗಳು, ಅವಳು ಅವಳಾಗಿ ನಿಲ್ಲುತ್ತಿದ್ದ ಆ ಒಂದು ಗಂಟೆ, ಎಲ್ಲಾ ಇಪ್ಪತ್ತು ಗುಂಡಿನ ಮೇಲೆ ಬಂತು. "ಆಗ್ಲಿ," ಅಂದಳು. "ಬಾಯ್ಮಾತು ಬ್ಯಾಡ. ಈ ಸಲ ಬರ್ದಿಟ್ಕಳಿ."

ಒಬ್ಬೊಬ್ಬರೇ ಹೊಡೆದರು. ಒಂದು ಗುಂಡಿಗೆ ಹತ್ತರ ಹಾಗೆ ಇನ್ನೂರಕ್ಕೆ ಲೆಕ್ಕ. ಕ್ಲಬ್ಬಿನ ಮೇಷ್ಟ್ರೊಬ್ಬರು ನೂರ ಎಪ್ಪತ್ತೊಂದು, ಇನ್ನಿಬ್ಬರು ನೂರ ಅರವತ್ತರ ಮೇಲೆ. ನಾಗರಾಜು ತನ್ನ ಆರಿಂಚಿನದರಲ್ಲಿ ಮೊದಲ ಹತ್ತು ಗುಂಡು ಎಲ್ಲರಿಗಿಂತ ಚೆನ್ನಾಗಿ ಹೊಡೆದ. ಕೊನೆ ಐದು ಕೆಳಗೆ ಇಳಿದವು. ನೂರ ಐವತ್ತೊಂಬತ್ತು. ನಾಲ್ಕನೇ ಜಾಗ ಅವನದೇ ಆಗಿತ್ತು, ಇನ್ನು ಹೊಡೆಯೋಕೆ ಉಳಿದಿದ್ದವಳು ಮಾಯಮ್ಮ ಒಬ್ಬಳೇ.

ನಿಂತಳು. ಚಪ್ಪಲಿ ಬಿಟ್ಟಳು, ನೆಲ ಸಿಗಬೇಕು ಕಾಲಿಗೆ. ಶಂಕರ್ "ಫೈರ್" ಅಂದ. ಮೊದಲ ಐದು ಸಾಧಾರಣ. ಒಂದು ಆರಕ್ಕೆ ಬಿತ್ತು, ಯಾರೋ ಹಿಂದೆ ಚ್ಚು ಚ್ಚು ಅಂದರು. ಎರಡನೇ ಐದು ಪರವಾಗಿಲ್ಲ. ಮೂರನೇ ಐದಕ್ಕೆ ಬೆವರು ಹುಬ್ಬಿನಿಂದ ಇಳಿಯಿತು, ಒರೆಸಲಿಲ್ಲ. ಕೈ ಒದೆ ತಿನ್ನುತ್ತಿತ್ತು, ತಿಂದು ಮತ್ತೆ ಅದೇ ಜಾಗಕ್ಕೆ ಬರುತ್ತಿತ್ತು. ಕಣ್ಣು ಒಂದು ಸಲವೂ ಮುಚ್ಚಲಿಲ್ಲ. ಕೊನೇ ಐದಕ್ಕೆ ಅವಳು ಒಂದೊಂದು ಗುಂಡಿಗೂ ಕೈ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದಳು. ಎಂಟು, ಒಂಬತ್ತು, ಎಂಟು, ಒಂಬತ್ತು, ಒಂಬತ್ತು.

ಶಂಕರ್ ಎರಡು ಸಲ ಕೂಡಿದ. ಮೇಷ್ಟ್ರು ಮೂರನೇ ಸಲ ಕೂಡಿದರು. ನೂರ ಅರವತ್ತೆರಡು.

ಬೀರಯ್ಯ ಹಿಂದಿನಿಂದ "ಓಯ್!" ಅಂತ ಕೂಗಿದ, ಕೈಯಲ್ಲಿದ್ದ ಸಾರಿನ ಸೌಟು ಸಮೇತ. ನಾಗರಾಜು ಎದ್ದು ಬಂದು ಕಾಗದ ತಗೊಂಡು ಒಂದೊಂದು ತೂತೂ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಸುತ್ತ ನಿಂತ ಜನದ ಕಡೆ ತಿರುಗಿ ಕೈ ಕೊಡವಿದ.

"ಇದ್ರಲ್ಲಿ ಅವ್ಳ ಕೈಚಳ್ಕ ಏನದೆ? ಎಲ್ಲಾ ಆ ಗನ್ನಿಂದು. ಆ ನಾಕಿಂಚು ಕೊಟ್ರೆ ಯಾರ್ ಬೇಕಾದ್ರೂ ಒಡೀತಾರೆ. ಆ ಚಿಕ್ಕುದ್ರಲ್ಲಿ ಒಡೀಲಿ ನೋಡಾನ, ಯಾವ್ ಗಂಡ್ಸ್ ಕೈಲೂ ಆಗಕ್ಕಿಲ್ಲ!"

ಅಂದಮೇಲೆ ತಾನು ಏನಂದೆ ಅಂತ ಅವನಿಗೇ ಕೇಳಿಸಿತು. ಜನಕ್ಕೂ ಕೇಳಿಸಿತು.

ಮಾಯಮ್ಮ ಕಿವಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

"ಎರಡು ತಿಂಗ್ಳಿಂದ ನಾನು ಬಾಯ್ ಬಡ್ಕೊಂಡಿದ್ದು ಇದನ್ನೇ ಅಲ್ವಾ ನಾಗರಾಜಣ್ಣ? ಪೆನ್ನು ತಗಳಿ. ಬರೀರಿ ಎಸ್ರ."